ಗುಳ್ಳೆ ರೀಸ್ಲಿಂಗ್ ಕೊಳ್ಳುವ ಮುನ್ನ: ಲೇಬಲ್, ಊರು, ಊಟ

ಫ್ರಾಂಕ್‌ಫರ್ಟ್‌ಗೆ ಬಂದ ಹೊಸದು. ಸಹೋದ್ಯೋಗಿಯೊಬ್ಬರು ಊಟಕ್ಕೆ ಕರೆದಿದ್ದರು. ಬರಿಗೈಲಿ ಹೋಗೋದು ಹೇಗೆ ಅಂತ ದಾರಿಯಲ್ಲಿ ಒಂದು ಬಾಟಲಿ ಕೊಂಡೆ. ಲೇಬಲ್ ಮೇಲೆ ‘ರೀಸ್ಲಿಂಗ್’ ಅಂತ ಬಿಳಿ ದ್ರಾಕ್ಷಿಯ ಹೆಸರಿತ್ತು, ಕೆಳಗೆ ಸಣ್ಣದಾಗಿ ‘ಟ್ರೋಕನ್’. ಟ್ರೋಕನ್ ಅಂದರೆ ಒಣಗಿದ್ದು, ವೈನ್ ಮಾತಿನಲ್ಲಿ ಸಿಹಿ ಇಲ್ಲದ್ದು. ಅಷ್ಟು ಜರ್ಮನ್ ನನಗೂ ಬರುತ್ತಿತ್ತು. ಆದರೆ ಗ್ಲಾಸಿಗೆ ಸುರಿದು ಬಾಯಿಗಿಟ್ಟರೆ ಸಿಹಿ! ಆ ಮನೆಯವರು ನಕ್ಕು, ‘ಗುಳ್ಳೆ ಇರೋ ವೈನಿನಲ್ಲಿ ಟ್ರೋಕನ್ ಅಂದರೆ ಬೇರೆ’ ಅಂದರು. ಅವತ್ತಿನಿಂದ ಲೇಬಲ್ ಓದದೆ ಬಾಟಲಿ ಮುಟ್ಟಿಲ್ಲ.

ಜರ್ಮನಿಯಲ್ಲಿ ಗುಳ್ಳೆ ಬರುವ ವೈನಿಗೆ ‘ಜೆಕ್ಟ್’ ಅನ್ನುತ್ತಾರೆ. ಅದರಲ್ಲೂ ರೀಸ್ಲಿಂಗ್ ದ್ರಾಕ್ಷಿಯ ಜೆಕ್ಟ್ ಈ ದೇಶದ್ದೇ ಸೊತ್ತು. ಜಗತ್ತಿನಲ್ಲಿ ಅತಿ ಹೆಚ್ಚು ರೀಸ್ಲಿಂಗ್ ಬೆಳೆಯುವುದು ಇಲ್ಲೇ. ಷಾಂಪೇನ್ ಹೆಸರು ಎಲ್ಲರಿಗೂ ಗೊತ್ತು, ಇದರ ಹೆಸರು ಜರ್ಮನಿ ದಾಟಿದರೆ ಅಷ್ಟಾಗಿ ಕೇಳಿಸಲ್ಲ. ನನಗೇನೂ ಬೇಜಾರಿಲ್ಲ, ಅದಕ್ಕೇ ಬೆಲೆ ಇನ್ನೂ ಕೈಗೆಟಕುವಂತಿದೆ. ಈ ಕಡೆ ಇರುವವರಿಗೆ, ಓದಲೋ ಕೆಲಸಕ್ಕೋ ಬರುವವರಿಗೆ, ರಜೆಗೆ ಬಂದು ಊರಿಗೆ ಒಂದು ಬಾಟಲಿ ಒಯ್ಯಬೇಕು ಅನ್ನುವವರಿಗೆ ಈ ಬರಹ.

ಮೊದಲು ಸಿಹಿ ಎಷ್ಟು ಅಂತ ನೋಡಿ

ಅಂಗಡಿಯಲ್ಲಿ ಬಾಟಲಿ ಎತ್ತಿಕೊಂಡ ಕೂಡಲೇ ಕಣ್ಣು ಹೋಗಬೇಕಾದದ್ದು ಇಲ್ಲಿಗೆ. ಗುಳ್ಳೆ ಇಲ್ಲದ ಸಾದಾ ವೈನಿನಲ್ಲಿ ಟ್ರೋಕನ್ ಅಂದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ಅದೇ ಪದ ಜೆಕ್ಟ್ ಮೇಲಿದ್ದರೆ 17ರಿಂದ 32 ಗ್ರಾಂ. ನಾನು ಮೋಸ ಹೋದದ್ದು ಇಲ್ಲೇ.

ನಿಜವಾಗಿ ಸಿಹಿ ಕಡಿಮೆ ಬೇಕಿದ್ದರೆ ‘ಬ್ರೂಟ್’ ಅಂತ ಬರೆದದ್ದನ್ನು ಹುಡುಕಿ. ಅದರಲ್ಲಿ ಲೀಟರಿಗೆ 12 ಗ್ರಾಂ ಒಳಗೇ ಇರುತ್ತದೆ. ‘ಎಕ್ಸ್‌ಟ್ರಾ ಬ್ರೂಟ್’ ಆದರೆ 6 ಗ್ರಾಂ ದಾಟುವಂತಿಲ್ಲ. ‘ಬ್ರೂಟ್ ನಾಟುರ್’ನಲ್ಲಿ 3 ಗ್ರಾಂಗಿಂತ ಕಡಿಮೆ, ಮೇಲಿಂದ ಸಕ್ಕರೆ ಸೇರಿಸುವುದೇ ಇಲ್ಲ. ಬ್ರೂಟ್‌ಗಿಂತ ಒಂದು ಮೆಟ್ಟಿಲು ಮೇಲೆ ‘ಎಕ್ಸ್‌ಟ್ರಾ ಟ್ರೋಕನ್’, 12ರಿಂದ 17 ಗ್ರಾಂ. ಹೆಸರಿನಲ್ಲಿ ‘ಎಕ್ಸ್‌ಟ್ರಾ’ ಇದ್ದರೂ ಬ್ರೂಟ್‌ಗಿಂತ ಸಿಹಿ ಜಾಸ್ತಿ, ನೋಡಿ ತಮಾಷೆ. ‘ಹಾಲ್ಬ್‌ಟ್ರೋಕನ್’ನಲ್ಲಿ 32ರಿಂದ 50, ‘ಮಿಲ್ಡ್’ನಲ್ಲಿ ಅದಕ್ಕೂ ಮೇಲೆ.

ಗ್ಲಾಸ್ ಲೆಕ್ಕದಲ್ಲಿ ಹೇಳುತ್ತೇನೆ. ಇಲ್ಲಿ ಹೋಟೆಲಿನಲ್ಲಿ ಜೆಕ್ಟ್ ಕೊಡುವುದು ಸಾಮಾನ್ಯವಾಗಿ 100 ಮಿಲಿಲೀಟರ್. ಅಷ್ಟು ಬ್ರೂಟ್‌ನಲ್ಲಿ ಒಂದು ಗ್ರಾಂ ಚಿಲ್ಲರೆ ಸಕ್ಕರೆ, ಟ್ರೋಕನ್‌ನಲ್ಲಿ ಮೂರು ಗ್ರಾಂ ತನಕ. ಚಹಾಕ್ಕೆ ಹಾಕುವ ಒಂದು ಚಮಚಕ್ಕಿಂತ ಕಡಿಮೆಯೇ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ, ಆದರೆ ನಾಲಿಗೆಗೆ ಎದ್ದು ಕಾಣುತ್ತದೆ. ಮೊದಲ ಸಲ ರುಚಿ ನೋಡುವವರಿಗೆ ನಾನು ಕೈಗಿಡುವುದು ಬ್ರೂಟ್. ಬ್ರೂಟ್ ನಾಟುರ್ ಆಮೇಲೆ ನೋಡಿಕೊಳ್ಳೋಣ. ರೀಸ್ಲಿಂಗ್ ಹುಟ್ಟಾ ಹುಳಿ ದ್ರಾಕ್ಷಿ, ಅದಕ್ಕೆ ಸಕ್ಕರೆಯ ಚೂರು ಆಸರೆಯೂ ಇಲ್ಲದಿದ್ದರೆ ಮೊದಲ ಗುಟುಕಿಗೇ ಮುಖ ಕಿವುಚುತ್ತದೆ.

ಆಮೇಲೆ ಗುಳ್ಳೆ ಎಲ್ಲಿಂದ ಬಂತು ಅಂತ ನೋಡಿ

ವೈನಿನಲ್ಲಿ ಗುಳ್ಳೆ ಬರುವುದು ಎರಡನೇ ಸಲ ಹುದುಗಿದಾಗ. ಸಾದಾ ವೈನಿಗೆ ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಸೇರಿಸಿ ಬಿಗಿಯಾಗಿ ಮುಚ್ಚಿದರೆ ಒಳಗೆ ಹುಟ್ಟಿದ ಗಾಳಿ ಹೊರಗೆ ಹೋಗಲಾರದೆ ವೈನಿನಲ್ಲೇ ಕರಗಿಕೊಳ್ಳುತ್ತದೆ. ಲೀಟರಿಗೆ ಸುಮಾರು 4 ಗ್ರಾಂ ಸಕ್ಕರೆ ಹುದುಗಿದರೆ 1 ಬಾರ್ ಒತ್ತಡ. 24 ಗ್ರಾಂ ಹಾಕಿದರೆ 6 ಬಾರ್. ಕಾರಿನ ಟೈರಿನಲ್ಲಿ ಇರುವುದು ಎರಡೂವರೆಯ ಆಸುಪಾಸು, ಅಲ್ವಾ? ಬಾಟಲಿಯ ಗಾಜು ಅಷ್ಟು ದಪ್ಪ ಯಾಕೆ ಅಂತ ಈಗ ಗೊತ್ತಾಯಿತು.

ಹೀಗೆ ಮುಚ್ಚಿಡುವುದು ದೊಡ್ಡ ಉಕ್ಕಿನ ಟ್ಯಾಂಕಿನಲ್ಲಾದರೂ ಆಗಬಹುದು, ಒಂದೊಂದು ಬಾಟಲಿಯೊಳಗಾದರೂ ಆಗಬಹುದು. ಅಗ್ಗದ ಜೆಕ್ಟ್ ಎಲ್ಲ ಹೆಚ್ಚೂಕಮ್ಮಿ ಟ್ಯಾಂಕಿನದೇ. ಅದನ್ನು ಕೀಳು ಅಂತ ಹೇಳಲಾರೆ. ಹಸಿ ಸೇಬು, ನಿಂಬೆ ಸಿಪ್ಪೆಯ ವಾಸನೆ ಟ್ಯಾಂಕಿನಲ್ಲಿ ಚೆನ್ನಾಗಿಯೇ ಉಳಿಯುತ್ತದೆ. ಬಾಟಲಿಯಲ್ಲೇ ಹುದುಗಿದ್ದರೆ ಹೀಗೆ: ಯೀಸ್ಟ್ ಸತ್ತು ಮಡ್ಡಿಯಾಗಿ ಕೆಳಗೆ ಕೂರುತ್ತದೆ, ವೈನ್ ಅದರ ಜೊತೆ ತಿಂಗಳುಗಟ್ಟಲೆ ಮಲಗಿರುತ್ತದೆ. ಆಗ ಗುಳ್ಳೆ ಸಣ್ಣದಾಗುತ್ತದೆ, ಬೇಕರಿ ಬಾಗಿಲಲ್ಲಿ ಬರುವಂಥ ಬ್ರೆಡ್ ವಾಸನೆ ಸೇರಿಕೊಳ್ಳುತ್ತದೆ. ಕೊನೆಗೆ ಬಾಟಲಿಯನ್ನು ತಲೆಕೆಳಗಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಮಡ್ಡಿಯನ್ನೆಲ್ಲ ಕತ್ತಿಗೆ ಇಳಿಸುತ್ತಾರೆ. ಕತ್ತನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಒಳಗಿನ ಒತ್ತಡಕ್ಕೆ ಮಡ್ಡಿಯ ಮಂಜುಗಡ್ಡೆ ಟಪ್ ಅಂತ ಹೊರಗೆ ಹಾರುತ್ತದೆ. ಖಾಲಿಯಾದ ಜಾಗಕ್ಕೆ ಸ್ವಲ್ಪ ಸಿಹಿ ವೈನ್ ತುಂಬಿ ಬಿರಡೆ ಹಾಕುತ್ತಾರೆ. ಬ್ರೂಟೋ ಟ್ರೋಕನ್ನೋ ತೀರ್ಮಾನವಾಗುವುದು ಆ ಕೊನೆಯ ಗಳಿಗೆಯಲ್ಲಿ.

ಲೇಬಲ್ ಮೇಲೆ ‘ವಿನ್ಜರ್‌ಜೆಕ್ಟ್’ ಅಂತ ಕಂಡರೆ ಹಿಂದೆಮುಂದೆ ನೋಡಬೇಡಿ. ದ್ರಾಕ್ಷಿ ಬೆಳೆದವರದ್ದೇ ವೈನ್, ಬಾಟಲಿಯಲ್ಲೇ ಹುದುಗಿದ್ದು, ಕಡಿಮೆಯೆಂದರೂ 9 ತಿಂಗಳು ಮಡ್ಡಿಯ ಜೊತೆ ಇದ್ದದ್ದು ಅಂತ ಅರ್ಥ. ಬಿರಡೆಯ ಹೊದಿಕೆ ಮೇಲೆ ಹದ್ದಿನ ಗುರುತು ಇದ್ದು ‘ಫೌ ಡೇ ಪೇ ಜೆಕ್ಟ್’ (VDP, ಆಯ್ದ ವೈನ್ ಬೆಳೆಗಾರರ ಸಂಘ) ಅಂತಿದ್ದರೆ ಕನಿಷ್ಠ 15 ತಿಂಗಳು. ‘ಪ್ರೆಸ್ಟೀಜ್’ ಅಂತಲೂ ಸೇರಿದ್ದರೆ 36 ತಿಂಗಳು. ನನ್ನ ನಾಲಿಗೆಯ ಪ್ರಕಾರ ರೀಸ್ಲಿಂಗ್‌ಗೆ ಒಂದೂವರೆ, ಎರಡು ವರ್ಷ ಸಾಕು. ಅದಕ್ಕಿಂತ ಜಾಸ್ತಿ ಇಟ್ಟರೆ ಬ್ರೆಡ್ಡಿನ ವಾಸನೆಯೇ ಮೇಲಾಗಿ ಹಣ್ಣು ಮರೆಯಾಗುತ್ತದೆ. ಇದನ್ನು ಒಪ್ಪದ ಗೆಳೆಯರು ನನಗೆ ಬೇಕಾದಷ್ಟು ಜನ ಇದ್ದಾರೆ.

ಇನ್ನೊಂದು ಸೂಕ್ಷ್ಮ. ಬರೀ ‘ಜೆಕ್ಟ್’ ಅಂತಿದ್ದರೆ ಒಳಗಿನ ವೈನ್ ಇಟಲಿಯದ್ದೋ ಸ್ಪೇನಿನದ್ದೋ ಆಗಿರಬಹುದು. ‘ಡಾಯ್ಚರ್ ಜೆಕ್ಟ್’ ಅಂತಿದ್ದರೆ ಮಾತ್ರ ಜರ್ಮನಿಯ ದ್ರಾಕ್ಷಿ. ‘ಜೆಕ್ಟ್ ಬೇ ಆ’ (b.A.) ಅಂತ ಎರಡು ಅಕ್ಷರ ಸೇರಿದ್ದರೆ ದೇಶದ 13 ವೈನ್ ಪ್ರದೇಶಗಳಲ್ಲಿ ಒಂದರದ್ದು, ಪ್ರದೇಶದ ಹೆಸರೂ ಪಕ್ಕದಲ್ಲೇ ಇರುತ್ತದೆ. ‘ಸೆಕ್ಕೋ’ ಅಂತ ಬರೆದದ್ದು ಜೆಕ್ಟ್ ಅಲ್ಲ, ಅದರ ಗುಳ್ಳೆ ಮೆದು, ಒತ್ತಡ ಎರಡೂವರೆ ಬಾರ್ ಒಳಗೆ.

ಬೆಲೆಯದ್ದೊಂದು ಲೆಕ್ಕ ಹಾಕೋಣ. 1902ರಲ್ಲಿ ಜರ್ಮನಿಯ ಚಕ್ರವರ್ತಿ ತನ್ನ ನೌಕಾಪಡೆಗೆ ದುಡ್ಡು ಬೇಕು ಅಂತ ಗುಳ್ಳೆ ವೈನಿಗೆ ತೆರಿಗೆ ಹಾಕಿಸಿದ. ಚಕ್ರವರ್ತಿ ಹೋದ, ಆ ಹಡಗುಗಳೂ ಮುಳುಗಿದವು. ತೆರಿಗೆ ನಡುವೆ ಕೆಲವು ವರ್ಷ ಬಿಟ್ಟರೆ ಇವತ್ತಿಗೂ ಇದೆ, ಮುಕ್ಕಾಲು ಲೀಟರ್ ಬಾಟಲಿಗೆ 1.02 ಯೂರೋ. ಈಗ 4 ಯೂರೋ ಬಾಟಲಿ ತಗೊಳ್ಳಿ. ನೂರಕ್ಕೆ 19ರ ಮಾರಾಟ ತೆರಿಗೆ ಕಳೆದರೆ 3.36. ನೌಕಾಪಡೆಯ ಪಾಲು ಕಳೆದರೆ 2.34. ಇದರಲ್ಲೇ ಗಾಜು, ಬಿರಡೆ, ಸಾಗಣೆ, ಅಂಗಡಿಯವರ ಲಾಭ ಎಲ್ಲ. ವೈನಿಗೆ ಉಳಿಯುವುದು ಎಷ್ಟು ಅಂತ ನೀವೇ ಹೇಳಿ. ಹಾಗಾಗಿ 12ರಿಂದ 20 ಯೂರೋ ನಡುವಿನ ವಿನ್ಜರ್‌ಜೆಕ್ಟ್ ಕೊಂಡರೆ ಕೊಟ್ಟ ದುಡ್ಡು ನಿಜವಾಗಿ ಬಾಟಲಿಯೊಳಗೆ ಹೋಗುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಅಂಶ, ಮೀನಿನ ಅಂಟು, ಜೆಲಟಿನ್ ಬಳಸುತ್ತಾರೆ. ನಿಮಗೆ ಅದು ಆಗುವುದಿಲ್ಲ ಅಂದರೆ ‘ವೇಗಾನ್’ ಗುರುತು ಇರುವುದನ್ನೇ ಕೊಳ್ಳಿ. ಈಗ ಅಂಥವು ಬೇಕಾದಷ್ಟು ಸಿಗುತ್ತವೆ.

ಯಾವ ಊರಿನದ್ದು?

ನಾನು ಹತ್ತಿರದಿಂದ ಬಲ್ಲದ್ದು ರೈನ್‌ಗಾವ್. ರೈನ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವಂಥದ್ದು. ಮೈನ್ಸ್ ಊರಿನ ಹತ್ತಿರ ಟೌನಸ್ ಬೆಟ್ಟ ಅಡ್ಡ ಬಂದು ಪಶ್ಚಿಮಕ್ಕೆ ತಿರುಗುತ್ತದೆ. ಸುಮಾರು 30 ಕಿಲೋಮೀಟರ್ ಹಾಗೇ ಹರಿದು, ರುಡೆಸ್‌ಹೈಮ್ ದಾಟಿದ ಮೇಲೆ ಮತ್ತೆ ಉತ್ತರಕ್ಕೆ. ಆ 30 ಕಿಲೋಮೀಟರ್‌ನ ಬಲದಂಡೆಯೇ ರೈನ್‌ಗಾವ್. ಇಳಿಜಾರೆಲ್ಲ ದಕ್ಷಿಣಕ್ಕೆ ಮುಖ ಮಾಡಿದೆ, ಬೆನ್ನಿಗೆ ಚಳಿಗಾಳಿ ತಡೆಯುವ ಬೆಟ್ಟ, ಎದುರಿಗೆ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಅಗಲವಾದ ನೀರು. ಬೆಂಗಳೂರು ಇರುವುದು 13ನೇ ಅಕ್ಷಾಂಶದಲ್ಲಿ, ಇದು 50ರಲ್ಲಿ. ಇಷ್ಟು ಉತ್ತರದಲ್ಲಿ ದ್ರಾಕ್ಷಿ ಹಣ್ಣಾಗುವುದೇ ಕಷ್ಟ, ಆದ್ದರಿಂದ ಹುಳಿ ಉಳಿದುಕೊಳ್ಳುತ್ತದೆ. ಗುಳ್ಳೆ ವೈನಿಗೆ ಬೇಕಿರುವುದೂ ಅದೇ ಹುಳಿ.

ಇಲ್ಲಿನ ಯೋಹಾನಿಸ್‌ಬರ್ಗ್ ಕೋಟೆಯ ಅಂಗಳದಲ್ಲಿ ಒಬ್ಬ ಕುದುರೆ ಸವಾರನ ಪ್ರತಿಮೆ ಇದೆ. 1775ರಲ್ಲಿ ಕೊಯ್ಲಿಗೆ ಬಿಷಪ್ಪರ ಅಪ್ಪಣೆ ತರಲು ಹೋದ ಸವಾರ ತಡವಾಗಿ ಬಂದ, ಅಷ್ಟರಲ್ಲಿ ದ್ರಾಕ್ಷಿ ಕೊಳೆಯಲು ಶುರುವಾಗಿತ್ತು, ಆದರೂ ಹಿಂಡಿ ನೋಡಿದರೆ ಅದ್ಭುತ ಸಿಹಿ ವೈನ್ ಬಂತು ಅಂತ ಕಥೆ. ಜೆಕ್ಟ್ ಮಾಡುವವರದ್ದು ಇದಕ್ಕೆ ತದ್ವಿರುದ್ಧ. ಉಳಿದವರಿಗಿಂತ ಮೊದಲೇ, ಕಾಯಿಯಲ್ಲಿ ಹುಳಿ ಇಳಿಯುವ ಮುನ್ನ ಕೊಯ್ಯಬೇಕು. ತಡವಾಗಿ ಬರುವ ಸವಾರ ಇವರಿಗೆ ಬೇಡ.

ಮೋಸೆಲ್ ಇನ್ನೊಂದು ಥರ. ನದಿ ಹಾವಿನ ಹಾಗೆ ಬಳುಕುತ್ತದೆ, ತೋಟಗಳು ಗೋಡೆಯ ಹಾಗೆ ಮೇಲೇಳುತ್ತವೆ. ಬ್ರೆಮ್ ಊರಿನ ಕಾಲ್ಮೋಂಟ್ ಇಳಿಜಾರು ಕೆಲವು ಕಡೆ 65 ಡಿಗ್ರಿಯಷ್ಟು ಕಡಿದು. ಅಲ್ಲಿ ಕೆಲಸದವರು ಒಂಟಿ ಹಳಿಯ ಪುಟ್ಟ ಗಾಡಿಯಲ್ಲಿ ಹತ್ತಿಳಿಯುತ್ತಾರೆ. ನೆಲದಲ್ಲಿ ಮಣ್ಣಿಗಿಂತ ಸ್ಲೇಟು ಕಲ್ಲಿನ ಚೂರೇ ಜಾಸ್ತಿ, ಹಗಲು ಕುಡಿದ ಬಿಸಿಲನ್ನು ರಾತ್ರಿ ಬಿಡುತ್ತದೆ. ಮೋಸೆಲ್‌ಗೆ ಸೇರುವ ಸಾರ್ ನದಿಯ ಕಣಿವೆ ಇನ್ನೂ ತಂಪು. ಅಲ್ಲಿನ ರೀಸ್ಲಿಂಗ್‌ನ ಹುಳಿ ಚಾಕುವಿನ ಅಲಗಿನ ಹಾಗೆ. ದಕ್ಷಿಣದ ಫಾಲ್ಟ್ಸ್‌ನಲ್ಲಿ ಬಿಸಿಲು ಜಾಸ್ತಿ, ಜೆಕ್ಟ್ ಸ್ವಲ್ಪ ಮೈತುಂಬಿಕೊಂಡಿರುತ್ತದೆ. ಹುಳಿ ಹೆದರಿಸುತ್ತದೆ ಅನ್ನುವವರು ಅಲ್ಲಿಂದ ಶುರು ಮಾಡಬಹುದು.

ಹೋಗಿ ನೋಡಬೇಕು ಅಂದರೆ ಫ್ರಾಂಕ್‌ಫರ್ಟ್‌ನಿಂದ ಲೋಕಲ್ ರೈಲಿನಲ್ಲಿ ರುಡೆಸ್‌ಹೈಮ್ ಒಂದು ಗಂಟೆ ಚಿಲ್ಲರೆ ದಾರಿ. ಕಾರು ಬೇಡ, ಕುಡಿದು ಓಡಿಸುವ ಪ್ರಶ್ನೆಯೇ ಇಲ್ಲ. ನಾನಾದರೆ ಮುಂಚೆಯೇ ಎಲ್ಟ್‌ವಿಲ್ಲೆಯಲ್ಲಿ ಇಳಿಯುತ್ತೇನೆ. ನದಿ ದಂಡೆಯಲ್ಲಿ ಒಂದು ಪುಟ್ಟ ವೈನ್ ಗೂಡಂಗಡಿ ಇದೆ. ಊರಿನ ಬೆಳೆಗಾರರು ಸರದಿಯಂತೆ ಅಲ್ಲಿ ತಮ್ಮ ವೈನ್ ಸುರಿಯುತ್ತಾರೆ. ಗ್ಲಾಸಿಗೆ ಠೇವಣಿ ಕೊಟ್ಟು, ಕಟ್ಟೆ ಮೇಲೆ ಕೂತು, ಹೋಗಿಬರುವ ಸರಕು ದೋಣಿ ನೋಡುತ್ತಾ ಒಂದು ಗ್ಲಾಸ್ ಜೆಕ್ಟ್. ತಿನ್ನಲು ಮನೆಯಿಂದ ಡಬ್ಬಿ ಒಯ್ದರೆ ಯಾರೂ ಏನೂ ಅನ್ನುವುದಿಲ್ಲ. ನಮ್ಮ ಚಕ್ಕುಲಿ ಡಬ್ಬಿ ಪಕ್ಕದ ಬೆಂಚಿನ ಅಜ್ಜಿಯವರೆಗೂ ಹೋಗಿ ಖಾಲಿಯಾಗಿ ಬಂದದ್ದಿದೆ.

ತಣ್ಣಗೆ ಮಾಡುವುದು, ತೆರೆಯುವುದು

ಫ್ರಿಜ್ಜಿನಲ್ಲಿ ಮೂರು ನಾಲ್ಕು ಗಂಟೆ ಇಡಿ. ನೆಂಟರು ಬಾಗಿಲಲ್ಲಿ ನಿಂತಾಗ ನೆನಪಾಯಿತು ಅಂದರೆ ಬಕೆಟ್ಟಿಗೆ ಐಸ್, ನೀರು, ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ಮುಳುಗಿಸಿಡಿ. ಬರೀ ಐಸ್ ಸಾಲದು, ನೀರು ಇದ್ದರೇನೇ ಗಾಜಿನ ಸುತ್ತ ಚಳಿ ಹಿಡಿಯುವುದು. ಬ್ರೂಟ್‌ಗೆ 6ರಿಂದ 8 ಡಿಗ್ರಿ ಸರಿ. ಜಾಸ್ತಿ ಕಾಲ ಮಡ್ಡಿಯ ಜೊತೆ ಇದ್ದದ್ದಾದರೆ 10ರ ಹತ್ತಿರ ಬರಲಿ, ಇಲ್ಲದಿದ್ದರೆ ವಾಸನೆ ಮುದುಡಿಕೊಂಡಿರುತ್ತದೆ. ಫ್ರೀಜರಿನಲ್ಲಿಟ್ಟು ಮರೆಯಬೇಡಿ, ಬಾಟಲಿ ಒಡೆಯುತ್ತದೆ.

ತೆರೆಯುವಾಗ ಅವಸರ ಬೇಡ. ಮೊದಲು ಮೇಲಿನ ಹಾಳೆ ಕಿತ್ತು, ಬಿರಡೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಇನ್ನು ಆ ಬೆರಳು ಅಲ್ಲಿಂದ ಕದಲಬಾರದು. ತಂತಿಯ ಕಿವಿಯನ್ನು ಆರು ಅರ್ಧ ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ತಂತಿ ತೆಗೆಯಲೇಬೇಕಂತಿಲ್ಲ, ಬಿರಡೆಯ ಜೊತೆಗೇ ಹಿಡಿದುಕೊಳ್ಳಿ. ಬಾಟಲಿಯನ್ನು 45 ಡಿಗ್ರಿ ಓರೆ ಮಾಡಿ, ಬಾಯಿ ಯಾರ ಕಡೆಗೂ ಇರದ ಹಾಗೆ ನೋಡಿಕೊಳ್ಳಿ. ಈಗ ಬಿರಡೆಯನ್ನು ಗಟ್ಟಿ ಹಿಡಿದು, ಇನ್ನೊಂದು ಕೈಯಿಂದ ಬಾಟಲಿಯ ತಳ ಹಿಡಿದು ಬಾಟಲಿಯನ್ನೇ ಮೆಲ್ಲಗೆ ತಿರುಗಿಸಿ. ಸ್ವಲ್ಪ ಹೊತ್ತಿಗೆ ಬಿರಡೆ ತಾನೇ ಅಂಗೈಗೆ ಒತ್ತಿಕೊಂಡು ಬರುತ್ತದೆ. ಆಗ ಎಳೆಯಬೇಡಿ, ಉಲ್ಟಾ ಒಳಗೆ ಒತ್ತಿ ತಡೆಯಿರಿ. ಕೊನೆಗೆ ಬಿರಡೆಯನ್ನು ಚೂರು ಓರೆ ಮಾಡಿದರೆ ‘ಸ್ಸ್’ ಅಂತ ನಿಟ್ಟುಸಿರಿನ ಹಾಗೆ ಗಾಳಿ ಹೋಗಬೇಕು. ಢಂ ಅಂದರೆ ಗುಳ್ಳೆ ವ್ಯರ್ಥ, ಜೊತೆಗೆ ಯಾರದೋ ಕಣ್ಣಿಗೂ ಅಪಾಯ. ಬೆಚ್ಚಗಿರುವ ಬಾಟಲಿಯಲ್ಲಿ ಒತ್ತಡ ಜಾಸ್ತಿ, ಅರ್ಧ ವೈನ್ ಮೇಜಿನ ಪಾಲಾಗುತ್ತದೆ.

ಉದ್ದನೆಯ ಕೊಳವೆಯಂಥ ಗ್ಲಾಸು ನೋಡಲಷ್ಟೇ ಚೆಂದ, ಮೂಗಿಗೆ ಏನೂ ಸಿಗುವುದಿಲ್ಲ. ಮನೆಯಲ್ಲಿರುವ ಬಿಳಿ ವೈನಿನ ಗ್ಲಾಸೇ ಸಾಕು. ಎತ್ತುವಾಗ ‘ತ್ಸುಮ್ ವೋಲ್’ ಅನ್ನಿ, ಎದುರಿಗಿದ್ದವರ ಕಣ್ಣು ನೋಡಿ ಅನ್ನಿ. ಬೇರೆಲ್ಲೋ ನೋಡುತ್ತಾ ಗ್ಲಾಸು ತಾಕಿಸಿದರೆ ಇಲ್ಲಿನವರಿಗೆ ಹಿಡಿಸುವುದಿಲ್ಲ.

ಯಾವ ಊಟಕ್ಕೆ ಯಾವುದು

ನಮಗೆ ಇದು ಕಷ್ಟವೇ ಅಲ್ಲ. ಕೋಸಂಬರಿಗೆ ಕೊನೆಯಲ್ಲಿ ನಿಂಬೆ ಹಿಂಡುವುದು ಯಾಕೆ? ಬಜ್ಜಿಯ ಜೊತೆ ಹುಳಿ ಚಟ್ನಿ ಯಾಕೆ? ರೀಸ್ಲಿಂಗ್ ಜೆಕ್ಟ್ ಮಾಡುವುದು ಅದೇ ಕೆಲಸ. ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ, ಗುಳ್ಳೆ ನಾಲಿಗೆ ತೊಳೆಯುತ್ತದೆ, ಮತ್ತೆ ಮೊದಲ ತುತ್ತಿನ ಹಾಗೇ ರುಚಿ.

ಇಲ್ಲಿನ ಊಟದಲ್ಲಿ ಮೊದಲ ಜಾಗ ಬಿಳಿ ಆಸ್ಪರಾಗಸ್‌ಗೆ. ಏಪ್ರಿಲ್‌ನಿಂದ ಜೂನ್ 24ರ ತನಕ ಜರ್ಮನಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಬೆಣ್ಣೆ ಸಾಸ್ ಹಾಕಿದ ಆ ತರಕಾರಿಗೆ ಬ್ರೂಟ್ ಹೇಳಿ ಮಾಡಿಸಿದ ಹಾಗಿರುತ್ತದೆ. ಫ್ರಾಂಕ್‌ಫರ್ಟ್‌ನ ಹಸಿರು ಸಾಸ್ ಅಂತ ಇದೆ, ಏಳು ಬಗೆಯ ಸೊಪ್ಪು ಹೆಚ್ಚಿ ಹುಳಿ ಕೆನೆಯಲ್ಲಿ ಕಲಸಿದ್ದು, ಬೇಯಿಸಿದ ಆಲೂಗಡ್ಡೆ ಮತ್ತು ಮೊಟ್ಟೆಯ ಜೊತೆ. ಇದಕ್ಕೂ ಬ್ರೂಟ್. ಹೊಳೆಯ ಟ್ರೌಟ್ ಮೀನು ಬೆಣ್ಣೆಯಲ್ಲಿ ಹುರಿದದ್ದು ಸಿಕ್ಕರೆ ಮೋಸೆಲ್‌ನದ್ದು ತೆಗೆಯಿರಿ. ತುರಿದ ಆಲೂಗಡ್ಡೆಯ ಗರಿಗರಿ ರೊಟ್ಟಿಗೆ ಇಲ್ಲಿ ಸೇಬಿನ ಸಿಹಿ ಗೊಜ್ಜು ಹಚ್ಚಿಕೊಳ್ಳುತ್ತಾರೆ, ಅದಕ್ಕೆ ಎಕ್ಸ್‌ಟ್ರಾ ಟ್ರೋಕನ್ ವಾಸಿ.

ನಮ್ಮ ಅಡುಗೆಯಲ್ಲಿ ನಾನು ಪ್ರಯೋಗ ಮಾಡಿ ನೋಡಿದ್ದು: ಗೋಳಿಬಜೆ, ಮದ್ದೂರು ವಡೆ, ಕೋಡುಬಳೆ ಹೀಗೆ ಕರಿದದ್ದು, ಉಪ್ಪುಪ್ಪಾಗಿರುವುದು ಏನೇ ಇರಲಿ, ಬ್ರೂಟ್. ರವೆ ಹಚ್ಚಿ ಕರಿದ ಅಂಜಲ್ ಮೀನಿಗೂ ಬ್ರೂಟೇ. ನಿಂಬೆ ಹೋಳು ಬೇಕೆನ್ನಿಸುವುದೇ ಇಲ್ಲ. ಕೋರಿ ಗಸ್ಸಿಯಂಥ ಖಾರದ ಸಾರಿಗೆ ಮಾತ್ರ ಲೆಕ್ಕ ಬದಲಾಗುತ್ತದೆ. ಗುಳ್ಳೆ ಮತ್ತು ಆಲ್ಕೋಹಾಲ್ ಎರಡೂ ಖಾರವನ್ನು ಕೆಣಕುತ್ತವೆ, ಸಿಹಿ ಇಳಿಸುತ್ತದೆ. ನಾನು ಮೊದಲ ದಿನ ಬೈದುಕೊಂಡ ಅದೇ ಟ್ರೋಕನ್ ಇಲ್ಲಿ ನೀರ್‌ದೋಸೆ, ಕೋರಿ ಗಸ್ಸಿಯ ಪಕ್ಕದಲ್ಲಿ ಮರ್ಯಾದೆ ಗಳಿಸಿತು.

ಹೊಂದದ್ದೂ ಇವೆ. ಹುಣಸೆಹುಳಿ ಗಟ್ಟಿಯಾಗಿರುವ ಗೊಜ್ಜು, ಸಾರು, ಉಪ್ಪಿನಕಾಯಿ ಇದ್ದರೆ ವೈನ್ ಸಪ್ಪೆ ನೀರಿನ ಹಾಗಾಗುತ್ತದೆ. ಹೋಳಿಗೆಯ ಜೊತೆ ಬ್ರೂಟ್ ಕುಡಿದರೆ ಬರೀ ಹುಳಿ. ವೈನಿಗಿಂತ ತಿಂಡಿ ಸಿಹಿಯಾಗಿದ್ದರೆ ಯಾವಾಗಲೂ ಹೀಗೇ. ಮೊಸರನ್ನ ಬಂದಾಗ ಗ್ಲಾಸು ಪಕ್ಕಕ್ಕಿಟ್ಟುಬಿಡಿ.

ಮನೆಯಲ್ಲಿ ಕುಡಿಯದವರೂ ಇರುತ್ತಾರಲ್ಲ, ಅವರ ಕೈಗೆ ಕಿತ್ತಳೆ ಜ್ಯೂಸ್ ಕೊಟ್ಟು ಕೂರಿಸಬೇಕಿಲ್ಲ. ಆಲ್ಕೋಹಾಲ್ ತೆಗೆದ ರೀಸ್ಲಿಂಗ್ ಗುಳ್ಳೆ ಪಾನೀಯ ಇಲ್ಲಿ ಎಲ್ಲ ಕಡೆ ಸಿಗುತ್ತದೆ. ಒತ್ತಡ ತಗ್ಗಿಸಿ, ಕಡಿಮೆ ಬಿಸಿಯಲ್ಲೇ ವೈನಿನಿಂದ ಆಲ್ಕೋಹಾಲ್ ಬೇರ್ಪಡಿಸುವ ವಿದ್ಯೆ ಶುರುವಾದದ್ದೇ ನೂರು ವರ್ಷಕ್ಕೂ ಹಿಂದೆ, ಇದೇ ರೈನ್ ದಂಡೆಯಲ್ಲಿ. ಆದರೆ ‘ಆಲ್ಕೋಹಾಲ್ ಇಲ್ಲದ್ದು’ ಅಂತ ಬರೆದರೂ ಕಾನೂನಿನಲ್ಲಿ ಅರ್ಧ ಪರ್ಸೆಂಟ್ ಒಳಗೆ ಇರಬಹುದು. ಹನಿಯೂ ಬೇಡ ಅನ್ನುವವರಿಗೆ ಮೊದಲೇ ಹೇಳಿಬಿಡಿ.

ಉಳಿದರೆ, ಊರಿಗೆ ಒಯ್ಯಬೇಕಿದ್ದರೆ

ಅರ್ಧ ಉಳಿದ ಬಾಟಲಿಯ ಬಾಯಿಗೆ ಬೆಳ್ಳಿ ಚಮಚ ಸಿಕ್ಕಿಸಿದರೆ ಗುಳ್ಳೆ ಉಳಿಯುತ್ತದೆ ಅಂತ ಇಲ್ಲಿನ ಅಜ್ಜಿಯರು ನಂಬುತ್ತಾರೆ. ಸುಮ್ನೆ ನಂಬಿಕೆ ಅಷ್ಟೇ. ಕೆಲವೇ ಯೂರೋಗೆ ಹಿಡಿಕೆಯಿರುವ ಮುಚ್ಚಳ ಸಿಗುತ್ತದೆ, ಅದು ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಚೆನ್ನಾಗಿರುತ್ತದೆ. ಗುಳ್ಳೆ ಪೂರ್ತಿ ಹೋದದ್ದನ್ನು ಅಣಬೆ ಹುರಿಯುವಾಗ ಬಾಣಲೆಗೆ ಸುರಿಯಿರಿ.

ಊರಿಗೆ ಒಯ್ಯುವವರು ಲೆಕ್ಕ ನೆನಪಿಡಿ. ಭಾರತಕ್ಕೆ ಒಬ್ಬರು ಸುಂಕ ಇಲ್ಲದೆ ತರಬಹುದಾದ ಮದ್ಯ 2 ಲೀಟರ್. ಮುಕ್ಕಾಲು ಲೀಟರ್ ಬಾಟಲಿ ಎರಡಾದರೆ ಒಂದೂವರೆ, ಮೂರಾದರೆ ಮಿತಿ ದಾಟಿತು. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸಿನ ನಡುವೆ ಇಡಬೇಕು. ಗುಳ್ಳೆ ವೈನ್ ವಿಮಾನದಲ್ಲಿ ಸಿಡಿಯುತ್ತದೆ ಅಂತ ಹೆದರಬೇಡಿ. ಸಾಮಾನು ಇಡುವ ಜಾಗದಲ್ಲೂ ಗಾಳಿಯ ಒತ್ತಡ ಕಾಯ್ದಿರುತ್ತಾರೆ, ಆರು ಬಾರ್ ತಡೆಯುವ ಗಾಜಿಗೆ ಅದು ಲೆಕ್ಕಕ್ಕೇ ಇಲ್ಲ. ಹೆದರಬೇಕಾದದ್ದು ಸೂಟ್‌ಕೇಸ್ ಎಸೆಯುವುದಕ್ಕೆ. ಒಂದೊಂದು ಬಾಟಲಿಗೂ ದಪ್ಪ ಸ್ವೆಟರ್ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿ. ಊರು ತಲುಪಿದ ದಿನವೇ ತೆರೆಯಬೇಡಿ, ಅಲುಗಾಡಿದ ಬಾಟಲಿ ಒಂದೆರಡು ದಿನ ತಣ್ಣಗೆ ನಿಂತಿರಲಿ.